ಎಡಕ್ಕೆ ಹೋಗುವ ಗುಂಡು

ಯಡಿಯೂರು ಕೆರೆಯ ಸಮೀಪದಲ್ಲಿ ವಾಸಿಸುವ ಕೊಡವ ವಾಚಕರೊಬ್ಬರು ನಮಗೆ ಬರೆದಿರುವರು: ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ, ತೆಂಗಿನಕಾಯಿಗೆಂದು ಅಜ್ಜನ ರೈಫಲಿನಿಂದ ಹೊಡೆದ ಗುಂಡು ಎಡಕ್ಕೇ ಹೋಗುವುದಂತೆ, ಕೋವಿಯನ್ನು ಮಾರಿಬಿಡಲೇ ಎಂದು ಕೇಳಿರುವರು.

ಆತುರ ಬೇಡ. ದೋಷವು ಕೋವಿಯದೋ ಕೈಯದೋ ಎಂಬುದನ್ನು ಮೊದಲು ಮೇಜಿನ ಮೇಲಿಟ್ಟು ಪರೀಕ್ಷಿಸತಕ್ಕದ್ದು. ಅದೂ ಹಿತ್ತಿಲಿನಲ್ಲಲ್ಲ, ಅನುಮತಿಯುಳ್ಳ ಗುರಿಮೈದಾನದಲ್ಲಿ. ಕೊಡವರಿಗೆ 2019ರಲ್ಲಿ ಹತ್ತು ವರ್ಷ ಮುಂದುವರಿಸಲ್ಪಟ್ಟ ಪರವಾನಗಿಯ ವಿನಾಯಿತಿಯು ಎಲ್ಲೆಂದರಲ್ಲಿ ಹಾರಿಸುವುದಕ್ಕಲ್ಲವಷ್ಟೆ.

ಕೋವಿಯ ಮುಂಭಾಗದ ಮರದ ಕೆಳಗೊಂದು, ಬುಡದ ಕೆಳಗೊಂದು ಮರಳಿನ ಚೀಲವಿರಲಿ. ನಳಿಗೆಯನ್ನು ಮಾತ್ರ ಯಾವುದಕ್ಕೂ ಆನಿಸಕೂಡದು. ಗುಂಡು ಹೊರಡುವಾಗ ಅದು ಕಂಪಿಸುವುದು. ಆ ಕಂಪನಕ್ಕೆ ತಡೆಯಾದರೆ ಗುಂಡು ಬೇರೆಡೆ ಬೀಳುವುದು. ಬರಿಯ ಹಲಗೆಯ ಮೇಲಿಟ್ಟರೂ ಕೋವಿ ಪುಟಿಯುವುದು. ಹಿಂದಿನ ಚೀಲವನ್ನು ಎಡಗೈಯಿಂದ ಹಿಸುಕಿದರೆ ಬುಡವೆದ್ದು ಮೊನೆ ತುಸು ತಗ್ಗುವುದು. ಗುರಿಯನ್ನು ಹೀಗೆ ಹೊಂದಿಸಬೇಕೇ ಹೊರತು ತೋಳ್ಬಲದಿಂದಲ್ಲ. ಭುಜದ ಒತ್ತು, ಕೆನ್ನೆಯ ತಾಗು ಪ್ರತಿಸಲವೂ ಒಂದೇ ಸಮನಾಗಿರಲಿ. ಉಸಿರನ್ನು ಅರ್ಧ ಬಿಟ್ಟು, ತಡೆದು, ಕುದುರೆಯನ್ನು ಮೆಲ್ಲನೆ ಒತ್ತಬೇಕು. ಥಟ್ಟನೆ ಸೆಳೆಯುವ ಬಲಗೈಯವರ ಗುಂಡು ಬಹುಮಟ್ಟಿಗೆ ಎಡಕ್ಕೇ ಹೋಗುವುದು. ನಮ್ಮ ಸಂಶಯವೂ ಅಲ್ಲಿಯೇ.

ಒಂದೇ ಪೆಟ್ಟಿಗೆಯ ತೋಟಾಗಳಿಂದ, ನಳಿಗೆ ಆರುವಷ್ಟು ತಡೆದು ತಡೆದು, ಐದು ಗುಂಡು ಹಾರಿಸಿ. ಐದೂ ಒತ್ತಾಗಿ ಎಡಕ್ಕೆ ಬಿದ್ದಿದ್ದರೆ ಹಿಂದಿನ ಗುರಿಕಣ್ಣನ್ನು ಬಲಕ್ಕೆ ಸರಿಸಿದರೆ ಸಾಕು. ಚದರಿದ್ದರೆ ತಿರುಪುಗಳು ಸಡಿಲವಾಗಿರಬಹುದು, ಇಲ್ಲವೆ ನಳಿಗೆ ಸವೆದಿರಬಹುದು, ಬಲ್ಲವರಿಗೆ ತೋರಿಸಿ. ನಡುವಿಗೇ ಬಿದ್ದರೆ ಅಜ್ಜನ ಕೋವಿ ನಿರ್ದೋಷಿ. ತೋಟಾ ಇಲ್ಲವೆಂಬುದನ್ನು ಎರಡು ಸಲ ನೋಡಿಕೊಂಡು, ಹಬ್ಬಕ್ಕೆ ತಿಂಗಳು ಮುಂಚಿತವಾಗಿಯೇ ನಿಂತು ಗುರಿ ಹಿಡಿಯುವ ಅಭ್ಯಾಸಕ್ಕೆ ತೊಡಗಿ.