ಗಾರ್ಡ್‌ಗೆ ಲೈಸೆನ್ಸ್, ಪತ್ತೇದಾರನಿಗೆ?

ನಮ್ಮ ಹುಲಿಗಿಯಲ್ಲಿ ಸಂಬಂಧ ಕುದುರಿಸುವಾಗ ಹುಡುಗ-ಹುಡುಗಿಯ ಬಗ್ಗೆ ವಿಚಾರಿಸಲು ಹಿರಿಯರು, ಬೀಗರ ಕಡೆಯವರು ಸಾಕಿತ್ತು. ಈಗ ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ. ಅಲ್ಲಿ ಅದೇ ಕೆಲಸವನ್ನು ಹಣಕ್ಕೆ ಮಾಡಿಕೊಡುವ ಖಾಸಗಿ ಪತ್ತೇದಾರರಿದ್ದಾರೆ. ವಿಚಾರಿಸುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಪಿ.ಜಿ.ಯಿಂದ ಆಫೀಸಿನವರೆಗೆ ಹುಡುಗಿಯ ಹಿಂದೆ ಹೋಗುವವನ ಪೂರ್ವಾಪರ ವಿಚಾರಿಸಿದವರು ಯಾರು?

ಸೆಕ್ಯುರಿಟಿ ಗಾರ್ಡ್‌ಗಳನ್ನು ಒದಗಿಸುವ ಏಜೆನ್ಸಿಗೆ 2005ರ ಕಾಯ್ದೆಯಡಿ ಲೈಸೆನ್ಸ್ ಬೇಕು. ಗಾರ್ಡ್ ಆಗುವವನ ನಡತೆಯ ಪರಿಶೀಲನೆ, ತರಬೇತಿ ಕಡ್ಡಾಯ. ಪತ್ತೇದಾರಿ ಏಜೆನ್ಸಿಗಳಿಗೆಂದು 2007ರಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದ ಮಸೂದೆ ಮಾತ್ರ ಕಾಯ್ದೆಯಾಗದೆ 2020ರಲ್ಲಿ ವಾಪಸಾಯಿತು. ಬಾಗಿಲು ಕಾಯುವವನಿಗಿರುವ ನಿಯಮ ಕಿಟಕಿಯಲ್ಲಿ ಇಣುಕುವವನಿಗಿಲ್ಲ!

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ಕೊಟ್ಟಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಫೋನ್ ಕರೆಗಳ ವಿವರ ಕದಿಯುವುದು ಈಗಲೂ ಅಪರಾಧವೇ. ಆದರೆ ದೂರು ಕೊಡಬೇಕಾದವಳಿಗೆ ತನ್ನ ಹಿಂದೆ ಒಬ್ಬ ಬಿದ್ದಿದ್ದಾನೆ ಎಂಬುದೇ ಗೊತ್ತಿರುವುದಿಲ್ಲ.

ಡಿಗ್ರಿ ಮುಗಿಸಿ ಇಂಥ ಏಜೆನ್ಸಿ ಸೇರುವ ಹುಡುಗರ ಪಾಡೂ ಅಷ್ಟೇ. 'ಕರೆ ವಿವರ ತಂದುಕೊಡು' ಎಂದು ಮಾಲೀಕ ಹೇಳಿದರೆ, 'ಲೈಸೆನ್ಸ್ ಹೋಗುತ್ತದೆ ಸರ್' ಎನ್ನಲು ಅಲ್ಲಿ ಲೈಸೆನ್ಸೇ ಇಲ್ಲ. ಸಿಕ್ಕಿಬಿದ್ದರೆ ಮೊದಲು ಠಾಣೆ ಮೆಟ್ಟಿಲು ಹತ್ತುವವನು ಆ ಹುಡುಗನೇ.