ಅಳಿಯದ ಎಲ್ಲೆ

ಮೈಸೂರಿನ ಜಡೆಗೂ ಮುಂಬಯಿಯ ಹಾನಗಲ್ಲಿಗೂ ನಡುವಿದ್ದ ಎಲ್ಲೆಯು 1956ರಲ್ಲಿ ಅಳಿಯಿತು. ಇಂಗ್ಲಿಷಿನ ಎಲ್ಲೆಯು ಅಳಿಯಿತೇ? 1886ರಲ್ಲಿ ಜಮಖಂಡಿಯಲ್ಲಿ ಜನಿಸಿದ ರಾಮಚಂದ್ರ ದತ್ತಾತ್ರೇಯ ರಾನಡೆಯವರು 1926ರ ತಮ್ಮ ಉಪನಿಷತ್ಸಮೀಕ್ಷೆಯಲ್ಲಿ ದಿಟ್ಟ ಮಾತೊಂದನ್ನಾಡಿದರು: ಬ್ರಾಡ್ಲಿಯಿಂದ ಬೋಸಾಂಕೆಯನ್ನೂ, ವಾರ್ಡನಿಂದ ರಾಯ್ಸನನ್ನೂ ಬೇರ್ಪಡಿಸಿದ ಪ್ರಶ್ನೆಗಳೇ ನಮ್ಮ ಋಷಿಗಳನ್ನೂ ಬೇರ್ಪಡಿಸಿದ್ದವೆಂದು. ಪಶ್ಚಿಮಕ್ಕೆ ಬಾಗದೆ, ಹಳೆಯದೆಂದು ಬೀಗದೆ, ಸರಿಸಮನಾಗಿ ಕುಳಿತು ಹೂಡಿದ ವಾದವದು! ಆದರೆ ಇಂಗ್ಲಿಷಿನಲ್ಲಿ. ಕನ್ನಡ ಶರಣರ, ದಾಸರ ಅನುಭಾವವನ್ನು ಕುರಿತ ಅವರ ಗ್ರಂಥವೂ 1960ರಲ್ಲಿ ಇಂಗ್ಲಿಷಿನಲ್ಲಿಯೇ ಹೊರಬಂದಿತು. ಲೋಕವೇ ಕೇಳುವಂತೆ ನುಡಿದ ಅವರನ್ನು ನಾವು ದೂರೆವು. ನಾವು ದೂರುವುದು, ಏಕೀಕರಣವಾದ ಮೇಲೆಯೂ ತತ್ತ್ವವಿಚಾರಕ್ಕೆ ಕನ್ನಡವು ಸಾಲದೆನ್ನುವ ಪಂಡಿತಮ್ಮನ್ಯರನ್ನು. ಬಸವಣ್ಣನವರಿಗೆ ಸಾಲಿದ ನುಡಿಯು ಇವರಿಗೆ ಸಾಲದೇ? ಜಡೆಯ ಉಪಾಧ್ಯಾಯರು ಯಾಜ್ಞವಲ್ಕ್ಯನನ್ನೂ ಬ್ರಾಡ್ಲಿಯನ್ನೂ ಒಟ್ಟಿಗೆ ವಿಚಾರಿಸಲು ಪರಭಾಷೆಯ ಬಾಗಿಲನ್ನೇ ಏತಕ್ಕೆ ತಟ್ಟಬೇಕು? ಬರೆಯಿರಿ, ಮೊದಲು ಕನ್ನಡದಲ್ಲಿ ಬರೆಯಿರಿ. ಬೇಕಾದವರು ಇಂಗ್ಲಿಷಿಗೆ ತಿರುಗಿಸಿಕೊಳ್ಳಲಿ.