ಮೇಷ್ಟ್ರು ಕೆಡಿಸಿದ ಕಾರು

ಮೇಷ್ಟ್ರ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ಯಾರು ಏನು ಕೇಳಿದರೂ 'ಗೊತ್ತಿಲ್ಲ' ಎನ್ನಲು ಬಾಯಿ ಬರುವುದಿಲ್ಲ. ಆ ಚಟದಿಂದ ನಾನು ಮಾಡಿದ ಒಂದು ಎಡವಟ್ಟನ್ನು ಈ ವಾರ ನಿಮ್ಮ ಮುಂದೆ ಒಪ್ಪಿಸುತ್ತಿದ್ದೇನೆ. ತಪ್ಪು ನನ್ನದು, ಅದರಲ್ಲಿರುವ ಪಾಠ ಎಲ್ಲರದು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಬಳಿ ಕೆಂಪು ಬಣ್ಣದ ಫಿಯಾಟ್ ಪಾಲಿಯೋ 1.6 ಕಾರಿದೆ. 2001ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆಯಾದ ಮಾದರಿ. ಹೊರಗಿನಿಂದ ಸಾಧಾರಣ ಹ್ಯಾಚ್‌ಬ್ಯಾಕ್, ಒಳಗೆ ನೂರು ಅಶ್ವಶಕ್ತಿಯ ಎಂಜಿನ್. ಈಗ ಅದು ತಯಾರಾಗುತ್ತಿಲ್ಲ. ಇಟ್ಟುಕೊಂಡವರು ಹಸು ಸಾಕಿದಂತೆ ಅಕ್ಕರೆಯಿಂದ ಸಾಕಿಕೊಂಡಿದ್ದಾರೆ.

ಒಂದು ಸಂಜೆ ಅವನು ಫೋನ್ ಮಾಡಿದ. "ಸಾರ್, ಹಂಪ್ ದಾಟಿದರೆ ಕಾರು ದೋಣಿ ಥರ ತೂಗುತ್ತೆ. ಶಾಕ್ ಅಬ್ಸಾರ್ಬರ್ ಹೋಗಿದೆಯಂತೆ. ಹೊಸದು ಸಿಗ್ತಿಲ್ಲ, ಇದನ್ನೇ ಬಿಚ್ಚಿ ರಿಪೇರಿ ಮಾಡಿಸ್ತೀನಿ. ಯಾವ ಎಣ್ಣೆ ಹಾಕಿಸಲಿ?"

ನಾನು ಯೋಚಿಸಲೂ ಇಲ್ಲ. "ಸ್ವಲ್ಪ ಮಂದವಾದ ಎಣ್ಣೆ ಹಾಕಿಸೋ. ಸ್ನಿಗ್ಧತೆ ಹೆಚ್ಚಾದಷ್ಟೂ ತೂಗಾಟ ಬೇಗ ನಿಲ್ಲುತ್ತೆ" ಎಂದುಬಿಟ್ಟೆ. ಅವನು ಯಾವುದೋ ಅಂಗಡಿಯಲ್ಲಿ ಎಂಜಿನ್ ಆಯಿಲನ್ನೇ ತುಂಬಿಸಿಕೊಂಡ.

ತಿಂಗಳು ಕಳೆದ ಮೇಲೆ ಮನೆಗೆ ಬಂದವನ ಮುಖ ಬಿಳಿಚಿಕೊಂಡಿತ್ತು. ಹೆಂಡತಿ, ಮಗಳ ಜೊತೆ ಊರಿಗೆ ಹೊರಟಿದ್ದಾಗ ಮಳೆಗೆ ಕಿತ್ತುಹೋದ ರಸ್ತೆಯಲ್ಲಿ ಹಾಲಿನ ಕ್ಯಾನ್ ಹೊತ್ತ ಸೈಕಲ್ಲೊಂದು ಅಡ್ಡ ಬಂದಿದೆ. ಬ್ರೇಕ್ ಒತ್ತಿದ್ದಾನೆ. ಚಕ್ರಗಳು ದಡದಡನೆ ಕುಣಿದವೇ ಹೊರತು ರಸ್ತೆಯನ್ನು ಹಿಡಿಯಲಿಲ್ಲ. ಕಾರು ನಿಂತಾಗ ಸೈಕಲ್ಲಿಗೂ ಅದಕ್ಕೂ ಇದ್ದದ್ದು ಒಂದು ಮೊಳ ಅಂತರ. ಅವನು ನನ್ನನ್ನು ದೂರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು.

ಭಾರ ಹೊರುವವರು ಯಾರು?

ಕಾರಿನ ಭಾರವನ್ನು ಶಾಕ್ ಅಬ್ಸಾರ್ಬರ್ ಹೊರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಭಾರ ಹೊರುವುದು, ಗುಂಡಿಯ ಹೊಡೆತವನ್ನು ನುಂಗುವುದು ಎರಡೂ ಸ್ಪ್ರಿಂಗಿನ ಕೆಲಸ. ಆದರೆ ಸ್ಪ್ರಿಂಗ್ ಸಾಲಗಾರನಿದ್ದಂತಲ್ಲ, ಪಡೆದ ಶಕ್ತಿಯನ್ನು ಕೂಡಲೇ ವಾಪಸು ಕೊಡುತ್ತದೆ. ಒಂದು ಚಕ್ರದ ಮೇಲೆ 250 ಕಿಲೋಗ್ರಾಂ ಭಾರವಿದೆ ಎನ್ನಿ. ಅದು 5 ಸೆಂಟಿಮೀಟರ್ ಮೇಲೆದ್ದರೆ 250 × 9.8 × 0.05, ಅಂದರೆ ಸುಮಾರು 122 ಜೌಲ್ ಶಕ್ತಿ ಸೇರಿಕೊಳ್ಳುತ್ತದೆ. ಇದನ್ನು ಯಾರಾದರೂ ಖರ್ಚು ಮಾಡದಿದ್ದರೆ ಕಾರು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲದಂತೆ ತೂಗುತ್ತಲೇ ಇರುತ್ತದೆ.

ಖರ್ಚು ಮಾಡುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಎಣ್ಣೆ ತುಂಬಿದ ಕೊಳವೆಯೊಳಗೆ ಒಂದು ಪಿಸ್ಟನ್ ಇರುತ್ತದೆ. ಪಿಸ್ಟನ್ನಿನಲ್ಲಿ ಸಣ್ಣ ತೂತುಗಳು, ಅವುಗಳ ಮೇಲೆ ಬಾಗುವ ತೆಳು ಉಕ್ಕಿನ ವಾಷರುಗಳು. ಪಿಸ್ಟನ್ ಚಲಿಸಿದಾಗ ಎಣ್ಣೆ ಈ ಕಿಂಡಿಗಳಲ್ಲಿ ನುಸುಳಿ ಹೋಗಬೇಕು. ಆ ತಿಕ್ಕಾಟದಲ್ಲಿ ಚಲನಶಕ್ತಿ ಶಾಖವಾಗುತ್ತದೆ. ಭೌತಶಾಸ್ತ್ರದ 'ಅವಮಂದಿತ ಆಂದೋಲನ' ಎಂದರೆ ಇದೇ.

ಕೊಳವೆಯ ಒಳಗೆ

ಈ ಸಲ ಇಬ್ಬರೂ ಸೇರಿ, ಶಾಕ್ ಅಬ್ಸಾರ್ಬರುಗಳನ್ನೇ ರಿಪೇರಿ ಮಾಡುವ ಹಿರಿಯ ಮೆಕ್ಯಾನಿಕರೊಬ್ಬರನ್ನು ಹುಡುಕಿ ಹೋದೆವು. ಬಹಳಷ್ಟು ಕಾರುಗಳಲ್ಲಿರುವುದು ಅಂಚು ಮಡಿಚಿ ಮುಚ್ಚಿದ ಬಗೆ, ಹಾಳಾದರೆ ಎಸೆಯುವುದೇ. ಇವನ ಕಾರಿನಲ್ಲಿದ್ದದ್ದು ಹಿಂದಿನ ಮಾಲೀಕ ಹಾಕಿಸಿದ್ದ, ತಲೆಯ ಮೇಲೆ ತಿರುಪಿನ ನಟ್ ಇರುವ, ಬಿಚ್ಚಬಲ್ಲ ಬಗೆ.

ಅವರು ನಟ್ ಬಿಚ್ಚಿ ಎಣ್ಣೆಯನ್ನು ಬಾಣಲೆಗೆ ಸುರಿದರು. "ಯಾರ್ರೀ ಮೇಷ್ಟ್ರೇ ಇದಕ್ಕೆ ಎಂಜಿನ್ ಆಯಿಲ್ ಹಾಕಿಸಿದ್ದು?" ಎಂದರು. ನನ್ನ ಶಿಷ್ಯ ಗೋಡೆ ನೋಡುತ್ತ ನಿಂತ. "ನಾನೇ" ಎಂದೆ.

ಅವರು ತೋರಿಸಿದ ಸರಿಯಾದ ಎಣ್ಣೆ ತೆಂಗಿನೆಣ್ಣೆಗಿಂತಲೂ ತೆಳುವಾಗಿತ್ತು. ಎಂಜಿನ್ ಆಯಿಲ್ ಅದರ ಹಲವು ಪಟ್ಟು ಮಂದ. ಆಮೇಲೆ ಕ್ರೋಮ್ ಲೇಪನದ ರಾಡನ್ನು ಉಗುರಿನಿಂದ ಸವರಿ, ತುಕ್ಕಿನ ಚುಕ್ಕೆ ಇದೆಯೇ ಎಂದು ನೋಡಿದರು. ಸಾಸಿವೆ ಕಾಳಿನಷ್ಟು ಹಳ್ಳವಿದ್ದರೂ ಅದು ಹೊಸ ರಬ್ಬರ್ ಸೀಲನ್ನು ಕೆಲವೇ ದಿನಗಳಲ್ಲಿ ಹರಿದುಹಾಕುತ್ತದೆಯಂತೆ. ಒಂದು ರಾಡಿಗೆ ಮತ್ತೆ ಕ್ರೋಮ್ ಹಾಕಿಸಿ ನುಣುಪು ಮಾಡಿಸಬೇಕಾಯಿತು. ಸವೆದ ಸೀಲು, ಬುಷ್, ಬಾಗಿದ ವಾಷರುಗಳು ಬದಲಾದವು.

ಎಣ್ಣೆಯನ್ನು ಅವರು ಅಳತೆಯ ಜಾಡಿಯಲ್ಲಿ ಅಳೆದೇ ಸುರಿದರು. "ಕಂಠಮಟ್ಟ ತುಂಬಿಸಿದರೆ ಇನ್ನೂ ಒಳ್ಳೆಯದಲ್ಲವೇ?" ಎಂದು ಶಿಷ್ಯ ಕೇಳಿದ. ಇದಕ್ಕೆ ಉತ್ತರ ಆರ್ಕಿಮಿಡೀಸನ ಬಳಿ ಇದೆ. 2 ಸೆಂಟಿಮೀಟರ್ ವ್ಯಾಸದ ರಾಡು 15 ಸೆಂಟಿಮೀಟರ್ ಒಳಗೆ ಹೋದರೆ ಸುಮಾರು 47 ಮಿಲಿಲೀಟರ್ ಎಣ್ಣೆಯನ್ನು ಪಕ್ಕಕ್ಕೆ ತಳ್ಳುತ್ತದೆ. ಆ ಎಣ್ಣೆ ಹೋಗಲು ಹೊರಕೊಳವೆಯಲ್ಲಿ ಖಾಲಿ ಜಾಗ ಬೇಕು. ಎಣ್ಣೆ ಕುಗ್ಗುವ ಪದಾರ್ಥವಲ್ಲ. ಜಾಗವಿಲ್ಲದಿದ್ದರೆ ಶಾಕ್ ಅಬ್ಸಾರ್ಬರ್ ಕಬ್ಬಿಣದ ದಿಮ್ಮಿಯಾಗುತ್ತದೆ.

ತಪ್ಪಿದ್ದೆಲ್ಲಿ?

ಕೈಯಿಂದ ಕಾರಿನ ಮೂಲೆಯನ್ನು ಒತ್ತಿ ಬಿಟ್ಟು ನೋಡುವ ಪರೀಕ್ಷೆಯಲ್ಲಿ ನನ್ನ ಮಂದ ಎಣ್ಣೆಗೆ ನೂರಕ್ಕೆ ನೂರು ಅಂಕ ಬಂದಿತ್ತು. ತೂಗಾಟ ಗಪ್ಪನೆ ನಿಲ್ಲುತ್ತಿತ್ತು. ಆದರೆ ಕಾರಿನ ಒಡಲು ಸೆಕೆಂಡಿಗೆ ಒಂದು ಸಲ ತೂಗಿದರೆ, ಹಾಳು ರಸ್ತೆಯಲ್ಲಿ ಚಕ್ರ ಹತ್ತಕ್ಕೂ ಹೆಚ್ಚು ಸಲ ಕುಣಿಯುತ್ತದೆ. ಆ ಲೆಕ್ಕವನ್ನು ನಾನು ಮರೆತಿದ್ದೆ.

ಒಳ್ಳೆಯ ಶಾಕ್ ಅಬ್ಸಾರ್ಬರ್ ಎರಡು ದಿಕ್ಕಿಗೂ ಒಂದೇ ರೀತಿ ಅಡ್ಡಿ ಮಾಡುವುದಿಲ್ಲ. ಕಲ್ಲು ಸಿಕ್ಕಾಗ ಚಕ್ರ ಸುಲಭವಾಗಿ ಮೇಲೇರಲು ಬಿಡುತ್ತದೆ. ಸ್ಪ್ರಿಂಗ್ ಹಿಗ್ಗುವಾಗ ಮಾತ್ರ ಹೆಚ್ಚು ಬಲದಿಂದ ಹಿಡಿಯುತ್ತದೆ. ಮಂದ ಎಣ್ಣೆ ಎರಡೂ ಕಡೆ ಬಿಗಿ ಮಾಡಿತು. ಕಲ್ಲಿನ ಹೊಡೆತ ನೇರವಾಗಿ ಒಡಲಿಗೆ ತಾಗಿತು. ಗುಂಡಿಗೆ ಇಳಿಯಬೇಕಾದ ಚಕ್ರ ಇಳಿಯುವಷ್ಟರಲ್ಲಿ ಮುಂದಿನ ಉಬ್ಬು ಬಂದಿತ್ತು. ಘರ್ಷಣೆಯ ಬಲ ಎರಡು ಮೇಲ್ಮೈಗಳ ನಡುವಿನ ಒತ್ತುವ ಬಲವನ್ನು ಅವಲಂಬಿಸುತ್ತದೆ ಎಂದು ಹತ್ತನೇ ತರಗತಿಯ ಹುಡುಗರಿಗೆ ನಾನೇ ಹೇಳಿಕೊಡುತ್ತೇನೆ. ನೆಲ ಮುಟ್ಟದ ಚಕ್ರಕ್ಕೆ ಬ್ರೇಕ್ ಹಾಕಿ ಏನು ಫಲ?

ರಿಪೇರಿಯಾದ ಮೇಲೆ ಅದೇ ರಸ್ತೆಯಲ್ಲಿ ಅವನು ನನ್ನನ್ನು ಕರೆದುಕೊಂಡು ಹೋದ. ಕಾರು ಗುಂಡಿಗೆ ಇಳಿದು, ಎದ್ದು, ಒಮ್ಮೆ ಸಾವರಿಸಿಕೊಂಡು ಮುಂದೆ ಸಾಗುತ್ತಿತ್ತು. ಹಿಂದಿನ ಸೀಟಿನಲ್ಲಿ ಅವನ ಮಗಳಿಗೆ ನಿದ್ದೆ ಬಂದಿತ್ತು.

ಪೋಷಕರಿಗೆ ಎರಡು ಮಾತು. ಶಾಕ್ ಅಬ್ಸಾರ್ಬರ್ ದಿನಕ್ಕಿಷ್ಟೆಂದು ಸವೆಯುತ್ತದೆ, ಓಡಿಸುವವರು ಅದಕ್ಕೇ ಒಗ್ಗಿಕೊಂಡುಬಿಡುತ್ತಾರೆ. ರಾಡಿನ ಕೆಳಗೆ ಎಣ್ಣೆ ಜಿನುಗಿದ ಕಲೆ, ಟೈರಿನಲ್ಲಿ ಅಲ್ಲಲ್ಲಿ ಸವೆದ ತಗ್ಗು ಕಂಡರೆ ತೋರಿಸಿ. ಬದಲಿಸುವಾಗ ಎಡಬಲ ಜೋಡಿಯಾಗಿ ಬದಲಿಸಿ. ಮನೆಯಲ್ಲಿ ಮಾತ್ರ ಬಿಚ್ಚಲು ಹೋಗಬೇಡಿ. ಮುಂದಿನ ಚಕ್ರಗಳಲ್ಲಿ ಅದರ ಸುತ್ತ ಅದುಮಿಟ್ಟ ಸ್ಪ್ರಿಂಗ್ ಇರುತ್ತದೆ. ತಕ್ಕ ಹಿಡಿಕೆಯಿಲ್ಲದೆ ಬಿಚ್ಚಿದರೆ ಚಿಮ್ಮಿ ಪ್ರಾಣಕ್ಕೇ ಎರವಾಗಬಹುದು.

ನೀವೇ ಮಾಡಿ ನೋಡಿ

ಒಂದು ಬೋಲ್ಟಿಗೆ ದಾರ ಕಟ್ಟಿ, ದಾರದ ತುದಿಗೆ ರಬ್ಬರ್ ಬ್ಯಾಂಡುಗಳ ಸರ ಜೋಡಿಸಿ ತೂಗುಹಾಕಿ. ಬೋಲ್ಟು ಉದ್ದನೆಯ ಲೋಟದೊಳಗೆ ಇರಲಿ. ಕೆಳಗೆಳೆದು ಬಿಟ್ಟು ಎಷ್ಟು ಸಲ ತೂಗುತ್ತದೆ ಎಂದು ಎಣಿಸಿ. ಲೋಟಕ್ಕೆ ನೀರು, ನಂತರ ಹರಳೆಣ್ಣೆ, ಕೊನೆಗೆ ಜೋನಿಬೆಲ್ಲ ಹಾಕಿ ಮತ್ತೆ ಎಣಿಸಿ. ಜೋನಿಬೆಲ್ಲದಲ್ಲಿ ತೂಗಾಟವೇ ಇರುವುದಿಲ್ಲ. ಇದೇ ಉತ್ತಮ ಎನಿಸುತ್ತದೆ, ಅಲ್ಲವೇ? ನನಗೂ ಹಾಗೇ ಅನಿಸಿತ್ತು. ಈಗ ಬೋಲ್ಟನ್ನು ಬಿಟ್ಟು ಲೋಟವನ್ನೇ ಸರಸರನೆ ಮೇಲೆ ಕೆಳಗೆ ಆಡಿಸಿ. ಲೋಟವೇ ರಸ್ತೆ, ಬೋಲ್ಟೇ ಕಾರಿನಲ್ಲಿ ಕುಳಿತ ನೀವು. ನೀರಿನಲ್ಲಿ ಏನಾಯಿತು, ಬೆಲ್ಲದಲ್ಲಿ ಏನಾಯಿತು ಎಂದು ಬರೆದಿಟ್ಟುಕೊಳ್ಳಿ.

ಈ ಎರಡನೆಯ ಪರೀಕ್ಷೆಯನ್ನು ನಾನು ಮೊದಲೇ ಮಾಡಿದ್ದರೆ ಆ ಫೋನಿಗೆ ಬೇರೆ ಉತ್ತರ ಕೊಡುತ್ತಿದ್ದೆ. ಮಕ್ಕಳೇ, ಮೇಷ್ಟ್ರು ಹೇಳಿದ್ದನ್ನೂ ಒಮ್ಮೆ ಪರೀಕ್ಷಿಸಿಯೇ ಒಪ್ಪಿಕೊಳ್ಳಿ. ನಾನು ಈಗ "ನೋಡಿ ಹೇಳ್ತೀನಿ ಕಣೋ" ಎನ್ನುವುದನ್ನು ಅಭ್ಯಾಸ ಮಾಡುತ್ತಿದ್ದೇನೆ.